ಗುಂಡಿ ಗಿಟಾರು, ಪ್ಯಾಡ್ ಡ್ರಮ್ಮು: ಓದುಗರ ಪ್ರಶ್ನೆಗಳಿಗೆ ಉತ್ತರ

ಮನೆಯಲ್ಲಿ ಗಿಟಾರ್, ಡ್ರಮ್ ಕಂಟ್ರೋಲರ್ ಹಿಡಿದು ರಿದಮ್ ಗೇಮ್ (ಪರದೆಯಲ್ಲಿ ಇಳಿದು ಬರುವ ಬಣ್ಣದ ನೋಟ್‌ಗಳನ್ನು ತಾಳಕ್ಕೆ ಸರಿಯಾಗಿ ನುಡಿಸುವ ಆಟ) ಆಡುವ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಹೆಚ್ಚಿನವರಿಗೆ ಉಪಯೋಗವಾಗುವಂಥವನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಹೊಸ ಟಿವಿ, ಸೌಂಡ್‌ಬಾರ್ ಬಂದ ಮೇಲೆ ಗಿಟಾರ್ ಗೇಮ್‌ನಲ್ಲಿ ನೋಟ್‌ಗಳೆಲ್ಲ ತಪ್ಪುತ್ತಿವೆ. ಮೊದಲು ಸಲೀಸಾಗಿ ಮುಗಿಸುತ್ತಿದ್ದ ಹಾಡುಗಳಲ್ಲೂ ಸೋಲುತ್ತಿದ್ದೇನೆ. ಕ್ಯಾಲಿಬ್ರೇಷನ್ ಮಾಡಿದರೂ ಪ್ರಯೋಜನವಾಗಲಿಲ್ಲ. ನನ್ನ ತಾಳವೇ ಕೆಟ್ಟಿತೇ?

ಉತ್ತರ: ತಾಳ ಹಾಗೆ ರಾತ್ರೋರಾತ್ರಿ ಕೆಡುವುದಿಲ್ಲ, ಇದು ಲ್ಯಾಗ್, ಅಂದರೆ ಚಿತ್ರ, ಶಬ್ದ ತಡವಾಗಿ ತಲುಪುವುದು. ಈಗಿನ ಟಿವಿಗಳು ಬಂದ ಚಿತ್ರವನ್ನು ತಿದ್ದಿ ತೀಡಿ ಆಮೇಲೆ ತೋರಿಸುತ್ತವೆ. ಅಷ್ಟರಲ್ಲಿ 50ರಿಂದ 100 ಮಿಲಿಸೆಕೆಂಡ್ ಕಳೆದಿರುತ್ತದೆ, ಕೆಲವು ಟಿವಿಗಳಲ್ಲಿ ಇನ್ನೂ ಹೆಚ್ಚು. ಸೌಂಡ್‌ಬಾರ್ ಶಬ್ದಕ್ಕೆ ತನ್ನದೇ ಇನ್ನೊಂದು ತಡ ಸೇರಿಸುತ್ತದೆ. ಕಂಪ್ಯೂಟರ್‌ನಲ್ಲಿ ಆಡುವ ಕ್ಲೋನ್ ಹೀರೋ ಗೇಮ್‌ನಲ್ಲಿ ಒಂದು ನೋಟ್ ಹೊಡೆಯಲು ಸಿಗುವ ಅವಕಾಶ ಹಿಂದೆ ಮುಂದೆ ಎರಡೂ ಸೇರಿ ಸುಮಾರು 140 ಮಿಲಿಸೆಕೆಂಡ್ ಎಂದರೆ, ಈ ತಡ ಎಷ್ಟು ದೊಡ್ಡದೆಂದು ಗೊತ್ತಾಗುತ್ತದೆ.

ಕ್ಯಾಲಿಬ್ರೇಷನ್ ಲ್ಯಾಗನ್ನು ತೆಗೆಯುವುದಿಲ್ಲ, ಅದರ ಲೆಕ್ಕವನ್ನು ಗೇಮ್‌ಗೆ ತಿಳಿಸುತ್ತದೆ, ಅಷ್ಟೇ. ಹಾಗಾಗಿ ಮೊದಲು ಲ್ಯಾಗ್ ತಗ್ಗಿಸಿ, ಉಳಿದದ್ದನ್ನು ಮಾತ್ರ ಕ್ಯಾಲಿಬ್ರೇಷನ್‌ಗೆ ಬಿಡಿ. ಟಿವಿಯಲ್ಲಿ ಗೇಮ್ ಮೋಡ್ ಹಾಕಿ. ಬಹಳಷ್ಟು ಟಿವಿಗಳಲ್ಲಿ ಈ ಸೆಟ್ಟಿಂಗ್ ಒಂದೊಂದು ಎಚ್‌ಡಿಎಂಐ ಪೋರ್ಟಿಗೂ ಬೇರೆಬೇರೆ ಇರುತ್ತದೆ, ಆದ್ದರಿಂದ ಕನ್ಸೋಲ್ ಜೋಡಿಸಿದ ಪೋರ್ಟ್‌ನಲ್ಲೇ ಹಾಕಿದ್ದೀರಾ ನೋಡಿ. ಸೌಂಡ್‌ಬಾರ್ ಬ್ಲೂಟೂತ್‌ನಲ್ಲಿದ್ದರೆ ಆಟದ ಹೊತ್ತಿಗೆ ಅದನ್ನು ಬಿಟ್ಟುಬಿಡಿ. ಬ್ಲೂಟೂತ್ ಶಬ್ದ ಸಾಮಾನ್ಯವಾಗಿ 100ರಿಂದ 200 ಮಿಲಿಸೆಕೆಂಡ್ ಹಿಂದೆ ಬೀಳುತ್ತದೆ. ಟಿವಿಯ ಸ್ವಂತ ಸ್ಪೀಕರ್ ಅಥವಾ ವೈರ್ ಇರುವ ಹೆಡ್‌ಫೋನ್ ಎಷ್ಟೋ ವಾಸಿ.

ಆಮೇಲೆ ಕ್ಯಾಲಿಬ್ರೇಷನ್. ಶಬ್ದದ ಪರೀಕ್ಷೆಯಲ್ಲಿ ಕಣ್ಣು ಮುಚ್ಚಿ, ಬರೀ ಕಿವಿಯನ್ನು ನಂಬಿ ಸ್ಟ್ರಮ್ ಮಾಡಿ (ತಂತಿಯ ಬದಲಿಗಿರುವ ಬಾರನ್ನು ಮೀಟಿ). ಚಿತ್ರದ ಪರೀಕ್ಷೆಯಲ್ಲಿ ಟಿವಿಯ ವಾಲ್ಯೂಮ್ ಸೊನ್ನೆಗೆ ಇಳಿಸಿ, ಬರೀ ಕಣ್ಣನ್ನು ನಂಬಿ. ಎರಡನ್ನೂ ಬೆರೆಸಿದರೆ ಬರುವ ಅಂಕಿ ಯಾವುದಕ್ಕೂ ಸಲ್ಲದು, ನಿಮಗೆ ಆಗಿರುವುದೂ ಬಹುಶಃ ಇದೇ. ಪ್ರತಿ ಪರೀಕ್ಷೆ ಮೂರು ಸಲ ಮಾಡಿ. ಮೂರು ಅಂಕಿಗಳ ನಡುವೆ 15 ಮಿಲಿಸೆಕೆಂಡ್‌ಗಿಂತ ಹೆಚ್ಚು ಅಂತರ ಬಂದರೆ ಇನ್ನೊಮ್ಮೆ ಮಾಡಿ, ಹತ್ತಿರ ಬಂದರೆ ಸರಾಸರಿ ಹಾಕಿ. ರಾಕ್ ಬ್ಯಾಂಡ್ 2 ಗೇಮ್‌ನ ಗಿಟಾರ್‌ನಲ್ಲಿ ಇದಕ್ಕೆಂದೇ ಬೆಳಕಿನ ಸೆನ್ಸರ್ ಮತ್ತು ಪುಟ್ಟ ಮೈಕ್ ಇವೆ. ಆ ಸರಣಿಯ ಗೇಮ್ ಆಡುತ್ತಿದ್ದರೆ ಗಿಟಾರನ್ನು ಪರದೆಗೆ ಎದುರಾಗಿ ಹಿಡಿದರೆ ಸಾಕು, ಅಳತೆಯನ್ನು ಅದೇ ಮಾಡಿಕೊಳ್ಳುತ್ತದೆ. ಟಿವಿಯ ಮೋಡ್, ಪೋರ್ಟ್, ಸ್ಪೀಕರ್ ಯಾವುದು ಬದಲಾದರೂ ಹೊಸದಾಗಿ ಕ್ಯಾಲಿಬ್ರೇಟ್ ಮಾಡಲೇಬೇಕು.

ಪ್ರಶ್ನೆ: ಬಳಸಿದ ಗಿಟಾರ್ ಕಂಟ್ರೋಲರ್ ಕೊಳ್ಳುವ ಆಲೋಚನೆ ಇದೆ. ಕಂಪ್ಯೂಟರ್‌ನಲ್ಲಿ ಆಡಬೇಕು. ಯಾವುದನ್ನು ಆರಿಸಲಿ, ಏನನ್ನು ಪರೀಕ್ಷಿಸಲಿ?

ಉತ್ತರ: ಗಿಟಾರ್‌ಗಿಂತ ಮೊದಲು ಡಾಂಗಲ್ (ವೈರ್‌ಲೆಸ್ ಸಂಕೇತ ಹಿಡಿಯುವ ಪುಟ್ಟ ಯುಎಸ್‌ಬಿ ತುಂಡು) ಕೇಳಿ. ಪ್ಲೇಸ್ಟೇಷನ್ 3ರ ವೈರ್‌ಲೆಸ್ ಗಿಟಾರ್‌ಗಳು ಅವುಗಳ ಜೊತೆಗೆ ಬಂದ ಯುಎಸ್‌ಬಿ ಡಾಂಗಲ್ ಇಲ್ಲದಿದ್ದರೆ ಕೆಲಸಕ್ಕೆ ಬಾರವು. ಬೇರೆ ಮಾದರಿಯ ಡಾಂಗಲ್ ಹೊಂದುವುದಿಲ್ಲ, ಬಿಡಿಯಾಗಿ ಸಿಗುವುದೂ ಅಪರೂಪ. ಎಕ್ಸ್‌ಬಾಕ್ಸ್ 360ರ ವೈರ್‌ಲೆಸ್ ಗಿಟಾರ್‌ಗೆ ಕಂಪ್ಯೂಟರ್‌ಗೆಂದೇ ಇರುವ 360 ರಿಸೀವರ್ ಬೇಕು. ಅದೇ ಕನ್ಸೋಲ್‌ನ ಎಕ್ಸ್‌ಪ್ಲೋರರ್ ಮಾದರಿ ವೈರ್‌ನದು, ನೇರವಾಗಿ ಯುಎಸ್‌ಬಿಗೆ ಹಾಕಿ ಆಡಬಹುದು.

ನಮ್ಮ ಸಲಹೆ ನಿಂಟೆಂಡೊ ವೀ ಕನ್ಸೋಲ್‌ನ ಲೆಸ್ ಪಾಲ್ ಗಿಟಾರ್. ಅದಕ್ಕೆ ಡಾಂಗಲ್ಲೇ ಇಲ್ಲ, ಮೂಲದಲ್ಲಿ ಹೊಟ್ಟೆಯೊಳಗೆ ವೀ ರಿಮೋಟ್ ಕೂರಿಸಿ ಆಡುವಂಥದ್ದು. ರಿಮೋಟ್ ಬಿಟ್ಟು, ರಿಮೋಟ್‌ಗೆ ಸೇರುವ ಗಿಟಾರ್‌ನ ಪ್ಲಗ್‌ಗೆ ಹೊಂದುವ ಯುಎಸ್‌ಬಿ ಅಡಾಪ್ಟರ್ ಹಾಕಿದರೆ ಬ್ಯಾಟರಿಯ ತಾಪತ್ರಯವೂ ಇಲ್ಲ, ವೈರ್‌ಲೆಸ್‌ನ ತಡವೂ ಇಲ್ಲ.

2015ರ ಗಿಟಾರ್ ಹೀರೋ ಲೈವ್‌ನ ಗಿಟಾರ್ ಬೇರೆಯದೇ ಜಾತಿ. ಅದರಲ್ಲಿ ಐದು ಬಣ್ಣದ ಗುಂಡಿಗಳ ಬದಲು ಮೂರು ಮೂರರ ಎರಡು ಸಾಲಿವೆ. ಐದು ಗುಂಡಿಯ ಹಾಡುಗಳಿಗೆ ಅದನ್ನು ಕೊಳ್ಳಬೇಡಿ. ಆ ಗೇಮ್‌ನ ಆನ್‌ಲೈನ್ ಹಾಡುಗಳ ಸೇವೆ 2018ರ ಡಿಸೆಂಬರ್‌ನಲ್ಲೇ ನಿಂತಿದೆ. ಡಿಸ್ಕ್‌ನಲ್ಲಿರುವ 42 ಹಾಡುಗಳಷ್ಟೇ ಉಳಿದಿರುವುದು.

ಕೈಗೆ ಸಿಕ್ಕಾಗ ಬ್ಯಾಟರಿ ಪೆಟ್ಟಿಗೆ ತೆರೆದು ನೋಡಿ. ಸ್ಪ್ರಿಂಗ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಂಡರೆ ಬ್ಯಾಟರಿ ಸೋರಿದೆ ಎಂದೇ ಅರ್ಥ. ಐದೂ ಗುಂಡಿಗಳನ್ನು ಒಂದೊಂದಾಗಿ ಒತ್ತಿ, ಪ್ರತಿಯೊಂದಕ್ಕೂ ಸ್ಟ್ರಮ್ ಬಾರನ್ನು ಮೇಲಕ್ಕೂ ಕೆಳಕ್ಕೂ ಹೊಡೆಯಿರಿ. ಕತ್ತು ಬಿಚ್ಚುವ ಮಾದರಿಯಾದರೆ ಗುಂಡಿ ಒತ್ತಿ ಹಿಡಿದೇ ಕತ್ತನ್ನು ಮೆಲ್ಲಗೆ ಅಲುಗಾಡಿಸಿ. ಸಿಗ್ನಲ್ ಕಡಿದು ಕಡಿದು ಬಂದರೆ ಸೇರುವ ಜಾಗದ ಲೋಹದ ತುದಿಗಳು ಸವೆದಿವೆ.

ಪ್ರಶ್ನೆ: ಒಮ್ಮೆ ಸ್ಟ್ರಮ್ ಮಾಡಿದರೆ ಎರಡು ಸಲ ಬೀಳುತ್ತದೆ, ಕಾಂಬೋ (ತಪ್ಪದೆ ಹೊಡೆದ ನೋಟ್‌ಗಳ ಸರಣಿ) ಮುರಿಯುತ್ತದೆ. ಹಸಿರು ಗುಂಡಿಯೂ ಆಗಾಗ ಕೈಕೊಡುತ್ತದೆ. ಮನೆಯಲ್ಲೇ ರಿಪೇರಿ ಸಾಧ್ಯವೇ?

ಉತ್ತರ: ಸಾಧ್ಯ. ಎರಡೂ ಬೇರೆಬೇರೆ ಕಾಯಿಲೆ. ಟಿಕ್ ಟಿಕ್ ಎನ್ನುವ ಸ್ಟ್ರಮ್ ಬಾರ್‌ನ ಅಡಿಯಲ್ಲಿ ಮೇಲಿನ ಹೊಡೆತಕ್ಕೊಂದು, ಕೆಳಗಿನದಕ್ಕೊಂದು ಮೈಕ್ರೋಸ್ವಿಚ್ ಇರುತ್ತದೆ. ಒಳಗಿನ ತಗಡು ಸವೆದರೆ ಒಂದೇ ಒತ್ತಿಗೆ ಎರಡು ಸಲ ತಾಕುತ್ತದೆ. ಬಾರ್ ಮಧ್ಯಕ್ಕೆ ಮರಳುವಾಗ ಎದುರಿನ ಸ್ವಿಚ್‌ಗೆ ಬಡಿಯುವುದೂ ಉಂಟು. ಯಾವುದೆಂದು ತಿಳಿಯಲು ಬಾರನ್ನು ನಿಧಾನವಾಗಿ ಒತ್ತಿ, ನಿಧಾನವಾಗಿ ಬಿಡಿ. ಆಗಲೂ ಎರಡು ಬಿದ್ದರೆ ಸ್ವಿಚ್ ಸವೆದಿದೆ. ಥಟ್ಟನೆ ಬಿಟ್ಟಾಗ ಮಾತ್ರ ಬಿದ್ದರೆ ಬಾರ್ ಪುಟಿಯುತ್ತಿದೆ, ಅದರ ಸ್ಪ್ರಿಂಗನ್ನೂ ಆನಿಕೆಯನ್ನೂ ನೋಡಿ.

ಸ್ವಿಚ್ ಬದಲಿಸಲು ಬೆಸುಗೆ ಕೆಲಸ ಗೊತ್ತಿರಬೇಕು. ಹೊಸ ಸ್ವಿಚ್‌ನ ಗಾತ್ರ, ಕಾಲುಗಳ ಅಂತರ, ಮೇಲಿನ ಲಿವರ್‌ನ ಆಕಾರ ಮೂರೂ ಹಳೆಯದಕ್ಕೆ ಹೊಂದಲಿ. ಎರಡನ್ನೂ ಒಟ್ಟಿಗೇ ಬದಲಿಸಿ, ಇಲ್ಲವಾದರೆ ಮೇಲಿನ ಸ್ಟ್ರಮ್ ಒಂದು ತೆರ, ಕೆಳಗಿನದು ಇನ್ನೊಂದು ತೆರ ಅನ್ನಿಸುತ್ತದೆ. ತುಕ್ಕು ಬಿಡಿಸುವ ಎಣ್ಣೆಯನ್ನು ಮಾತ್ರ ಸ್ವಿಚ್‌ಗೆ ಸಿಂಪಡಿಸಬೇಡಿ. ಅದು ದೂಳು ಹಿಡಿದು ತೊಂದರೆಯನ್ನು ಹೆಚ್ಚಿಸುತ್ತದೆ.

ಗುಂಡಿಯ ಅಡಿಯಲ್ಲಿರುವುದು ಕಪ್ಪು ಇಂಗಾಲದ ಚುಕ್ಕೆಯಿರುವ ರಬ್ಬರ್ ಪೊರೆ. ತಿರುಪುಗಳನ್ನು ಬಿಚ್ಚಿ (ಕೆಲವು ನಕ್ಷತ್ರದ ತಲೆಯವು, ಸ್ಟಿಕರ್ ಅಡಿಯಲ್ಲೂ ಅಡಗಿರುತ್ತವೆ) ಸರ್ಕ್ಯೂಟ್ ಬೋರ್ಡಿನ ಮೇಲಿನ ಹಾದಿಯನ್ನು ಶೇಕಡಾ 90ಕ್ಕಿಂತ ಹೆಚ್ಚಿನ ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಒರೆಸಿ. ರಬ್ಬರ್ ಚುಕ್ಕೆಯನ್ನು ಮಾತ್ರ ಉಜ್ಜದೆ ಒಣ ಬಟ್ಟೆಯಿಂದ ಮುಟ್ಟಿಸಿ ತೆಗೆಯಿರಿ, ಇಂಗಾಲದ ಲೇಪ ಕಿತ್ತರೆ ಮತ್ತೆ ಬರುವುದಿಲ್ಲ. ಬ್ಯಾಟರಿಯನ್ನು ಮೊದಲೇ ತೆಗೆದಿರಿ, ಪೂರ್ತಿ ಒಣಗಿದ ಮೇಲೆ ಮುಚ್ಚಿ.

ಪ್ರಶ್ನೆ: ಮೀಡಿಯಂ ಹಂತದಲ್ಲಿ ಒಂದೂ ನೋಟ್ ಬಿಡದೆ ಮುಗಿಸುತ್ತೇನೆ. ಹಾರ್ಡ್‌ಗೆ ಹೋದರೆ ಕಿತ್ತಳೆ ಗುಂಡಿ ಬಂದಾಗ ಕೈ ಕಟ್ಟಿಹಾಕಿದಂತಾಗುತ್ತದೆ.

ಉತ್ತರ: ಮೀಡಿಯಂನಲ್ಲಿ ನಾಲ್ಕು ಗುಂಡಿ, ನಾಲ್ಕು ಬೆರಳು, ಕೈ ಕದಲಬೇಕಿಲ್ಲ. ಹಾರ್ಡ್‌ನಲ್ಲಿ ಐದನೆಯದು ಸೇರುತ್ತದೆ. ಕಿರುಬೆರಳನ್ನು ಎಳೆದು ಚಾಚುವ ಬದಲು ಇಡೀ ಕೈಯನ್ನು ಒಂದು ಗುಂಡಿಯಷ್ಟು ಜಾರಿಸಿ: ತೋರುಬೆರಳು ಹಸಿರಿನಿಂದ ಕೆಂಪಿಗೆ ಬಂದರೆ ಕಿರುಬೆರಳು ಕಿತ್ತಳೆಗೆ ತಾನಾಗಿ ತಲುಪುತ್ತದೆ. ಕೆಂಪನ್ನು ಕೆಲವೊಮ್ಮೆ ನಡುಬೆರಳಿನಿಂದಲೂ ಕೆಲವೊಮ್ಮೆ ತೋರುಬೆರಳಿನಿಂದಲೂ ಒತ್ತುವುದು ರೂಢಿಯಾಗಬೇಕು. ಪ್ರಾಕ್ಟೀಸ್ ಮೋಡ್‌ನಲ್ಲಿ ಆ ಭಾಗವನ್ನಷ್ಟೇ ಆರಿಸಿ, ವೇಗ ತಗ್ಗಿಸಿ, ಜಾರಿಸುವ ಜಾಗ ಮೊದಲೇ ನಿಶ್ಚಯಿಸಿಕೊಂಡು ನುಡಿಸಿ.

ಇದಕ್ಕಿಂತ ಹೆಚ್ಚು ಫಲ ಕೊಡುವುದು ನೋಟ್ ಇಳಿಯುವ ವೇಗವನ್ನು ಏರಿಸುವುದು. ಹಾಡಿನ ವೇಗ ಇದರಿಂದ ಬದಲಾಗದು, ನೋಟ್‌ಗಳ ನಡುವಿನ ಅಂತರ ಹಿಗ್ಗಿ ಓದಲು ಸುಲಭವಾಗುತ್ತದೆ. ಗುಂಪುಗುಂಪಾಗಿ ಅಂಟಿಕೊಂಡಂತೆ ಕಾಣುವ ನೋಟ್‌ಗಳೇ ಬಹುಪಾಲು ತಪ್ಪಿಗೆ ಕಾರಣ.

ವೇಗದ ಸಾಲುಗಳಲ್ಲಿ ಸ್ಟ್ರಮ್ಮನ್ನು ಒಂದು ಕೆಳಕ್ಕೆ, ಒಂದು ಮೇಲಕ್ಕೆ ಹೊಡೆಯಿರಿ. ಹ್ಯಾಮರ್ ಆನ್ ನೋಟ್‌ಗಳಲ್ಲಿ ಹಿಂದಿನದು ಸರಿಯಾಗಿ ಬಿದ್ದಿದ್ದರೆ ಸ್ಟ್ರಮ್ ಬೇಕೇ ಇಲ್ಲ, ಗುಂಡಿ ಒತ್ತಿದರೆ ಸಾಕು. ಅಂಕದ ಲೆಕ್ಕಕ್ಕೂ ತಪ್ಪದ ನುಡಿತವೇ ಮುಖ್ಯ. ಗಿಟಾರ್ ಹೀರೋದಲ್ಲಿ ಸತತ 10 ನೋಟ್‌ಗೆ ಎರಡು ಪಟ್ಟು, 20ಕ್ಕೆ ಮೂರು, 30ಕ್ಕೆ ನಾಲ್ಕು. ಆ ನಾಲ್ಕರ ಮೇಲೆ ಅಂಕ ಇಮ್ಮಡಿಸುವ ಸ್ಟಾರ್ ಪವರ್ ಬಳಸಿದರೆ ಎಂಟು ಪಟ್ಟಾಗುತ್ತದೆ.

ಪ್ರಶ್ನೆ: ಹಾಡುವ ಭಾಗದಲ್ಲಿ ಹೆಂಗಸರ ಹಾಡನ್ನು ನನ್ನ ದಪ್ಪ ದನಿಯಲ್ಲಿ ಹಾಡಿದರೆ ಅಂಕ ಹೋಗುತ್ತದೆಯೇ?

ಉತ್ತರ: ಇಲ್ಲ. ರಾಕ್ ಬ್ಯಾಂಡ್ ನೋಡುವುದು ಸ್ವರವನ್ನು, ಅದು ಮಂದ್ರದಲ್ಲಿದೆಯೋ ತಾರದಲ್ಲಿದೆಯೋ ಎಂಬುದನ್ನಲ್ಲ. ನಿಮಗೆ ಹಿತವಾದ ಸ್ಥಾಯಿಯಲ್ಲಿ ಹಾಡಿ.

ಪ್ರಶ್ನೆ: ನಮ್ಮ ಡ್ರಮ್ ಕಂಟ್ರೋಲರ್‌ನಲ್ಲಿ ಕೆಂಪು ಪ್ಯಾಡ್ ಹೊಡೆದರೆ ಹಳದಿಯೂ ಬೀಳುತ್ತದೆ. ಕೆಳಗಿನ ಮನೆಯವರಿಂದ ಸದ್ದಿನ ದೂರು ಬೇರೆ. ಎಲೆಕ್ಟ್ರಾನಿಕ್ ಡ್ರಮ್ ಕಿಟ್ಟನ್ನೇ ಗೇಮ್‌ಗೆ ಜೋಡಿಸಬಹುದೇ?

ಉತ್ತರ: ಪ್ಯಾಡ್‌ನೊಳಗೆ ಕಂಪನವನ್ನು ವಿದ್ಯುತ್ತಾಗಿಸುವ ಪೀಜೋ ತಟ್ಟೆ ಇರುತ್ತದೆ. ಚೌಕಟ್ಟು ಸಡಿಲವಾದರೆ ಒಂದರ ಕಂಪನ ಪಕ್ಕದ್ದಕ್ಕೂ ಹರಿಯುತ್ತದೆ. ತಿರುಪುಗಳನ್ನೆಲ್ಲ ಬಿಗಿಮಾಡಿ, ಪ್ಯಾಡ್ ಮತ್ತು ಚೌಕಟ್ಟಿನ ನಡುವೆ ಫೋಮ್ ತುಂಡು ಇಡಿ. ಒಂದು ಪ್ಯಾಡ್ ಮಾತ್ರ ಗಟ್ಟಿಯಾಗಿ ಹೊಡೆದರೂ ಕೇಳದಿದ್ದರೆ ಪೀಜೋ ತಟ್ಟೆಗೆ ಬೆಸೆದ ತಂತಿ ಬಿಟ್ಟಿರುವ ಸಾಧ್ಯತೆ ಹೆಚ್ಚು.

ಕೆಳಗಿನವರಿಗೆ ಕೇಳಿಸುವುದು ಮುಖ್ಯವಾಗಿ ಪೆಡಲ್. ಪ್ಯಾಡ್‌ನ ಸದ್ದು ಗಾಳಿಯಲ್ಲಿ ಹೋಗುತ್ತದೆ, ಪೆಡಲ್‌ನ ಗುದ್ದು ನೆಲದ ಮೂಲಕವೇ ಇಳಿಯುತ್ತದೆ. ಬರೀ ಜಮಖಾನೆ ಹಾಸಿದರೆ ಸಾಲದು. ದಪ್ಪ ರಬ್ಬರ್ ಹಾಸು, ಅದರ ಮೇಲೆ ಪ್ಲೈವುಡ್ ಹಲಗೆ, ಅದರ ಮೇಲೆ ಕಿಟ್ ಇಡಿ. ಹಲಗೆ ಗೋಡೆಗೆ ತಾಗದಿರಲಿ.

ಎಲೆಕ್ಟ್ರಾನಿಕ್ ಕಿಟ್ ಖಂಡಿತ ಜೋಡಿಸಬಹುದು, ಇಡೀ ಹವ್ಯಾಸದಲ್ಲಿ ಇದಕ್ಕಿಂತ ಒಳ್ಳೆಯ ಹೆಜ್ಜೆ ಇಲ್ಲ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಎಕ್ಸ್‌ಪರ್ಟ್ ಹಂತದ ಪ್ರೊ ಡ್ರಮ್‌ನಲ್ಲಿ (ಪ್ಯಾಡ್, ಸಿಂಬಲ್ ಎರಡನ್ನೂ ಬೇರೆಬೇರೆಯಾಗಿ ನುಡಿಸುವ ಬಗೆ) ಕಲಿತದ್ದು ನಿಜವಾದ ಡ್ರಮ್ಮಿಗೆ ಬಹುಮಟ್ಟಿಗೆ ಹಾಗೆಯೇ ದಾಟುತ್ತದೆ, ಗುಂಡಿ ಗಿಟಾರ್‌ಗೆ ಆ ಭಾಗ್ಯವಿಲ್ಲ. ಕ್ಲೋನ್ ಹೀರೋ ಮಿಡಿ ಸಂಕೇತವನ್ನು (ಯಾವ ಪ್ಯಾಡ್ ಹೊಡೆದಿರೆಂದು ಸಂಖ್ಯೆಯಲ್ಲಿ ತಿಳಿಸುವಂಥದ್ದು) ನೇರವಾಗಿ ತೆಗೆದುಕೊಳ್ಳುತ್ತದೆ. ಕಿಟ್‌ನ ಯುಎಸ್‌ಬಿ ಕೇಬಲ್ ಕಂಪ್ಯೂಟರ್‌ಗೆ ಹಾಕಿ ಹೀಗೆ ಹೊಂದಿಸಿ: ಕಿಕ್ 36 ಪೆಡಲ್‌ಗೆ, ಸ್ನೇರ್ 38 ಕೆಂಪಿಗೆ, ಹೈಹ್ಯಾಟ್ 42 ಮತ್ತು 46 ಎರಡೂ ಹಳದಿ ಸಿಂಬಲ್‌ಗೆ, ರೈಡ್ 51 ನೀಲಿ ಸಿಂಬಲ್‌ಗೆ, ಕ್ರ್ಯಾಶ್ 49 ಹಸಿರು ಸಿಂಬಲ್‌ಗೆ. ಟಾಮ್‌ಗಳು 48, 45, 43 ಕ್ರಮವಾಗಿ ಹಳದಿ, ನೀಲಿ, ಹಸಿರು ಪ್ಯಾಡ್‌ಗೆ. ಇವು ಸಾಮಾನ್ಯ ಸಂಖ್ಯೆಗಳು. ನಿಮ್ಮ ಕಿಟ್ ಬೇರೆ ಸಂಖ್ಯೆ ಕಳಿಸುತ್ತಿದ್ದರೆ ಆಯಾ ಪ್ಯಾಡ್ ಹೊಡೆದು ನೋಡಿ ಬದಲಿಸಿ. ಒಂದೇ ಹೊಡೆತ ಎರಡಾದರೆ ಮಾಡ್ಯೂಲ್‌ನಲ್ಲಿ (ಕಿಟ್‌ನ ಸದ್ದಿನ ಪೆಟ್ಟಿಗೆ) ಮಾಸ್ಕ್ ಟೈಮ್, ಅಂದರೆ ಒಂದು ಹೊಡೆತದ ನಂತರ ಮುಂದಿನದನ್ನು ಲೆಕ್ಕಿಸದ ಅವಧಿ, ಸ್ವಲ್ಪ ಏರಿಸಿ, ಮೆಲ್ಲಗಿನ ಹೊಡೆತ ಕಾಣೆಯಾದರೆ ಥ್ರೆಶೋಲ್ಡ್ (ಲೆಕ್ಕಕ್ಕೆ ಬರಲು ಬೇಕಾದ ಕನಿಷ್ಠ ಬಲ) ಇಳಿಸಿ. ಡ್ರಮ್ಮಿನ ಸದ್ದನ್ನು ಗೇಮ್‌ನಿಂದ ಕೇಳುವ ಬದಲು ಮಾಡ್ಯೂಲ್‌ನಿಂದಲೇ ಕೇಳಿ. ಕೋಲು ತಾಕಿದ ಕ್ಷಣಕ್ಕೇ ಸದ್ದು ಬಂದರೆ ಕೈ ತಡವರಿಸುವುದಿಲ್ಲ.

ಪ್ರಶ್ನೆ: ಮಗಳು ಎಡಗೈಯವಳು. ಅವಳಿಗೆ ಬೇರೆ ಗಿಟಾರ್ ಬೇಕೇ?

ಉತ್ತರ: ಬೇಡ. ಗೇಮ್‌ನ ಸೆಟ್ಟಿಂಗ್‌ನಲ್ಲಿ ಲೆಫ್ಟಿ ಫ್ಲಿಪ್ ಹಾಕಿ. ಹಸಿರು ನೋಟ್ ಪರದೆಯ ಬಲಕ್ಕೆ ಬರುತ್ತದೆ, ಗಿಟಾರನ್ನು ತಿರುಗಿಸಿ ಹಿಡಿದರೆ ಗುಂಡಿಗಳೂ ಹಾಗೇ ಹೊಂದುತ್ತವೆ. ಹೆಗಲ ಪಟ್ಟಿಯ ಗೂಟವನ್ನು ಇನ್ನೊಂದು ಬದಿಗೆ ಬದಲಿಸಲು ನಿಮ್ಮ ಮಾದರಿಯಲ್ಲಿ ಅವಕಾಶವಿದ್ದರೆ ಬದಲಿಸಿ. ವ್ಯಾಮಿ ಬಾರ್ (ಸ್ವರ ಬಾಗಿಸುವ ಕಡ್ಡಿ) ಕೈಗೆ ಅಡ್ಡ ಬಂದರೆ ಆಚೆಗೆ ತಿರುಗಿಸಿಡಿ.