ಪ್ರತಿಕ್ರಿಯೆ: ಅತ್ತಿದ್ದು ತಪ್ಪಾ?

ನಿಜ ಘಟನೆ ಆಧರಿಸಿದ ಬ್ರಿಟನ್ನಿನ ಟಿವಿ ಧಾರಾವಾಹಿ ‘ಲಿಟಲ್ ಬಾಯ್ ಬ್ಲೂ’ ನೋಡಿ ಅತ್ತುಬಿಟ್ಟೆ, ಬೇರೆಯವರ ಮಗುವಿನ ಸಾವನ್ನು ಮನರಂಜನೆ ಮಾಡಿಕೊಂಡ ಹಾಗಾಯ್ತಾ ಅಂತ ಕೇಳಿದ್ದೀರಿ. ನನಗಂತೂ ಹಾಗನ್ನಿಸಲಿಲ್ಲ. 2007ರಲ್ಲಿ ಲಿವರ್‌ಪೂಲ್‌ನಲ್ಲಿ ಫುಟ್‌ಬಾಲ್ ಅಭ್ಯಾಸ ಮುಗಿಸಿ ಮನೆಗೆ ಹೊರಟಿದ್ದ 11 ವರ್ಷದ ಹುಡುಗ ಗುಂಡೇಟಿಗೆ ಸತ್ತ. 2017ರ ಈ ನಾಲ್ಕು ಕಂತುಗಳಿಗೆ ಅವನ ಅಪ್ಪ ಅಮ್ಮನ ಸಹಕಾರವಿತ್ತು. ಕದ್ದು ಹೇಳಿದ ಕಥೆಯಲ್ಲ.

ಶಿರಸಿಯ ನಮ್ಮನೆಯಲ್ಲಿ ಆಯಿ ಅಡಿಕೆ ಸುಲಿಯುತ್ತ ನೋಡ್ತಿದ್ದಳು. ಇಂಗ್ಲಿಷ್ ಒಂದಕ್ಷರ ಬರೋದಿಲ್ಲ (ಧಾರಾವಾಹಿಗೆ ಭಾಷೆ ಯಾಕೆ ಅನ್ನುವವಳು). ತಾಯಿ ಮಗನನ್ನು ಹಿಡಿದುಕೊಂಡ ದೃಶ್ಯ ಬಂದಾಗ ಕೈ ನಿಂತಿತು. ಅರ್ಧ ಸುಲಿದ ಅಡಿಕೆ ಮೆಟ್ಟುಗತ್ತಿಯಲ್ಲೇ ಉಳಿಯಿತು. ಆಮೇಲೆ ಕೇಳಿದ್ದು, “ಕೊಂದಂವಂಗೆ ಎಷ್ಟು ವರ್ಷ?” ಹದಿನಾರು ಅಂದೆ. “ಅಂವನೂ ಮಾಣಿನೇ ಅಲ್ದನಾ.” ಮಾಣಿ ಅಂದರೆ ನಮ್ಮ ಕಡೆ ಹುಡುಗ.

ಇನ್ನೂ ನೋಡದವರು ನೋಡಿ, ಆದರೆ ನಾಲ್ಕೂ ಕಂತು ಒಂದೇ ರಾತ್ರಿ ಬೇಡ.