ಸಂಪಾದಕರ ಉತ್ತರ: ‘ಇವ್ರು ಯಾರ ಪೈಕಿ?’

ತೀರ್ಥಹಳ್ಳಿ ಕಡೆಯ ಹವ್ಯಾಸಿ ತಂಡವೊಂದರ ನಿರ್ದೇಶಕರು ತಮ್ಮ ಹಾಸ್ಯ ನಾಟಕದ ಹಸ್ತಪ್ರತಿಯನ್ನೂ ಜೊತೆಗಿಟ್ಟು ಪತ್ರ ಬರೆದಿದ್ದಾರೆ. ಕಥೆ ಇಷ್ಟು. ಬೆಂಗಳೂರಿನ ಒಂದೇ ಬಾಡಿಗೆ ಮನೆಯಲ್ಲಿ 2004ರಿಂದ 2009ರವರೆಗೆ ಇದ್ದ ಐವರು ಸಲಿಂಗಿ ಗೆಳೆಯರಲ್ಲಿ ವಿನಯ ತೀರಿಕೊಂಡಿದ್ದಾನೆ. ಉಳಿದ ನಾಲ್ವರು ಹದಿನೈದು ವರ್ಷದ ಮೇಲೆ ರಘುವಿನ ಅಡಿಕೆ ತೋಟದ ಮನೆಯಲ್ಲಿ ಸೇರುತ್ತಾರೆ. ಹೊಲಿಗೆ ಅಂಗಡಿಯ ಮಂಜು, ಮದುವೆಯಾಗಿರುವ ಪ್ರಭಾಕರ, ಮೇಷ್ಟ್ರು ಸಲೀಂ. ಮನೆಯಲ್ಲಿ ರಘುವಿನ ಚಿಕ್ಕಮ್ಮ. ಶಾಲೆಯ ಸಭಾಂಗಣದಲ್ಲಿ ಅರವತ್ತು ಜನರ ಮುಂದೆ ಆಡಿ ನೋಡಿದಾಗ ಮಂಜು ಒಳಗೆ ಬಂದ ಕೂಡಲೇ ಜನ ಬಿದ್ದು ಬಿದ್ದು ನಕ್ಕರಂತೆ, ಎರಡನೇ ಅರ್ಧಕ್ಕೆ ಕುರ್ಚಿ ಸದ್ದು ಮಾತ್ರ ಕೇಳಿತಂತೆ. ‘ನಮ್ಮ ಕಡೆಯ ಪ್ರೇಕ್ಷಕರು ಇಂಥದ್ದಕ್ಕೆ ಇನ್ನೂ ತಯಾರಿಲ್ಲವೋ, ನಾಟಕವೇ ಸರಿ ಇಲ್ಲವೋ? ಇದರ ಬದಲು ಹೊರಗಿನ ನಾಟಕವೊಂದನ್ನು ಅನುವಾದಿಸಿ ಆಡಬೇಕೋ? ನಾವೇ ಆರಿಸಿಕೊಂಡ ಕುಟುಂಬ ಅನ್ನುವುದಕ್ಕೆ ಕನ್ನಡದಲ್ಲಿ ಏನೆನ್ನಬೇಕು?’ ಎಂದು ಕೇಳಿದ್ದಾರೆ.

ಪ್ರಿಯರೇ,

ಪ್ರೇಕ್ಷಕರ ಮೇಲೆ ತಪ್ಪು ಹೊರಿಸಬೇಡಿ. ಯಕ್ಷಗಾನದ ಸ್ತ್ರೀವೇಷದ ಎದುರು ನಟ್ಟಿರುಳಲ್ಲಿ ಕೂತು ಕಣ್ಣೊರೆಸಿಕೊಳ್ಳುವ ಜನ ಇವರು. ಗಂಡಸೊಬ್ಬ ಬಳುಕಿ ನಡೆದ ಮಾತ್ರಕ್ಕೆ ಇವರಿಗೆ ನಗು ಬರುವುದಿಲ್ಲ. ಹೆಗ್ಗೋಡಿನ ನೀನಾಸಮ್ ಸಂಸ್ಥೆಯ ಸಂಚಾರಿ ನಾಟಕ ತಂಡ ‘ತಿರುಗಾಟ’ 1985ರಿಂದ ಶೇಕ್ಸ್‌ಪಿಯರನನ್ನೂ ಹೊತ್ತುಕೊಂಡು ಊರೂರಿಗೆ ಹೋಗಿದೆ. ನೋಡುವ ಅಭ್ಯಾಸ ನಮ್ಮಲ್ಲಿ ಕಡಿಮೆ ಏನಿಲ್ಲ. ಮಂಜುವಿನ ನಡಿಗೆಗೆ ಜನ ನಕ್ಕರೆಂದರೆ, ‘ಇಲ್ಲಿ ನಗಿ’ ಎಂದು ನಿಮ್ಮ ನಟ ಸನ್ನೆ ಕೊಟ್ಟಿದ್ದಾನೆ. ಹಸ್ತಪ್ರತಿಯ ಮೂರನೇ ಪುಟದಲ್ಲೇ ಅದು ಸಿಕ್ಕಿತು: ‘ಮಂಜು ಸೊಂಟ ಕುಣಿಸುತ್ತ ಬರುತ್ತಾನೆ, ಒಂದು ಕ್ಷಣ ನಿಂತು ಸಭೆಯತ್ತ ನೋಡುತ್ತಾನೆ.’ ಆ ಒಂದು ಕ್ಷಣವನ್ನು ತೆಗೆದುಬಿಡಿ.

ಹಾಗಂತ ಅವನನ್ನು ನೆಟ್ಟಗೆ ನಡೆಸಿ ಎನ್ನುತ್ತಿಲ್ಲ. ಮಂಜುವಿನಂಥವರು ಇದ್ದಾರೆ, ಹಾಗೆಯೇ ನಡೆಯುತ್ತಾರೆ, ಅದನ್ನು ಅಳಿಸುವುದೂ ಅವಮಾನವೇ. ಅವನ ಕೈಗೆ ಕೆಲಸ ಕೊಡಿ. ಎರಡು ಚೀಲ, ಒಂದು ಕೊಡೆ, ಬಾಯಲ್ಲಿ ಬಸ್ ಟಿಕೆಟ್ಟು ಕಚ್ಚಿಕೊಂಡು, ಕಾಲಲ್ಲಿ ಚಪ್ಪಲಿ ಬಿಡಲು ಒದ್ದಾಡುತ್ತ ಬರಲಿ. ಕೆಲಸದಲ್ಲಿರುವ ಮೈ ತನ್ನನ್ನು ತಾನು ಪ್ರದರ್ಶನಕ್ಕೆ ಇಡುವುದಿಲ್ಲ. ಮೊದಲ ನಗು ಅವನ ಮಾತಿಗೆ ಬರಬೇಕು, ಆ ಮಾತು ನಾಲ್ವರಲ್ಲೇ ಹರಿತವಾದದ್ದಾಗಿರಬೇಕು. ನಾಲಿಗೆ ಹರಿತ ಇರುವವನ ಸೊಂಟ ನೋಡಿ ನಗಲು ಜನರಿಗೆ ಪುರುಸೊತ್ತಿರುವುದಿಲ್ಲ. ತಾಲೀಮಿನಲ್ಲಿ ಮೊದಲ ದೃಶ್ಯವನ್ನು ನಾಲ್ವರೂ ಅಡಿಕೆ ಸುಲಿಯುತ್ತ ಆಡಿ ನೋಡಿ. ಮೆಟ್ಟುಗತ್ತಿ ಬೇಡ, ಮಾತಿನ ಭರದಲ್ಲಿ ಬೆರಳು ಹೋಗುತ್ತದೆ. ಅರ್ಧ ಸಿಪ್ಪೆ ಬಿಡಿಸಿಟ್ಟ ಕಾಯಿಯನ್ನು ಕೈಯಲ್ಲೇ ಬಿಡಿಸಲಿ. ಹತ್ತು ದಿನ ಹೀಗೆ ಮಾಡಿದರೆ ಕೈ ತಿರುಗಿಸುವ ಚಾಳಿ ತಾನಾಗಿ ಬಿಟ್ಟುಹೋಗುತ್ತದೆ.

ಇದೇ ದೃಶ್ಯದಲ್ಲಿ ‘ಕೋತಿ’ ಪದ ಏಳು ಸಲ ಬರುತ್ತದೆ. ಅದು ಸಮುದಾಯದ ಒಳಗಿನ ಮಾತು, ಹೆಣ್ಣು ಸ್ವಭಾವದ ಗಂಡಸರು ತಮ್ಮ ತಮ್ಮಲ್ಲಿ ಬಳಸುವಂಥದ್ದು. ಸಭೆಯಲ್ಲಿ ಮುಕ್ಕಾಲು ಪಾಲು ಜನ ಅದನ್ನು ಮಂಗ ಎಂದೇ ತಿಳಿಯುತ್ತಾರೆ. ಏಳರ ಬದಲು ಎರಡು ಸಾಕು. ಮೊದಲ ಸಲ ಸಲೀಂ ಮಂಜುವಿಗೆ ಪ್ರೀತಿಯಿಂದ ಅನ್ನಲಿ. ಎರಡನೇ ಸಲ ಅಡಿಕೆ ವ್ಯಾಪಾರಕ್ಕೆ ಬಂದ ಪಕ್ಕದ ಮನೆಯವನು ಏನೂ ತಿಳಿಯದೆ, ತೋಟಕ್ಕೆ ಬಂದ ನಿಜವಾದ ಮಂಗಗಳ ಬಗ್ಗೆ ಹೇಳಲಿ: ‘ಈ ಸಲ ಕೋತಿಗಳ ಕಾಟ ಜಾಸ್ತಿ ಮಾರಾಯ್ರೆ.’ ನಾಲ್ವರೂ ಗಪ್ಪಾಗುತ್ತಾರೆ. ಆಮೇಲಿನ ನಗುವನ್ನು ನೀವು ಬರೆಯಬೇಕಾಗಿಲ್ಲ.

ಇನ್ನು ಮಾತಿನ ಕಟ್ಟು. ನಿಮ್ಮ ಒಳ್ಳೆಯ ನಗೆಗಳೆಲ್ಲ ವಾಕ್ಯದ ಹೊಟ್ಟೆಯಲ್ಲಿ ಹೂತುಹೋಗಿವೆ. ಬರವಣಿಗೆಯ ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ನಗೆಯ ಪದ ನಡುವೆ ಸಿಕ್ಕಿಕೊಳ್ಳುತ್ತದೆ, ಜನ ನಗಲು ಬಾಯಿ ತೆರೆಯುವಷ್ಟರಲ್ಲಿ ನಟ ಇನ್ನೂ ಮಾತಾಡುತ್ತಿರುತ್ತಾನೆ. ಸಲೀಂ ಪ್ರಭಾಕರನಿಗೆ ಹೇಳುವ ಮಾತು ಹೀಗಿದೆ: ‘ನಿನ್ನ ಫೋನಿನಲ್ಲಿ ನನ್ನ ಹೆಸರನ್ನು ಪ್ಲಂಬರ್ ಎಂದು ಬರೆದುಕೊಂಡಿರುವುದು ನನಗೆ ಗೊತ್ತಿಲ್ಲ ಅಂದುಕೊಂಡಿದ್ದೀಯಾ?’ ನಗು ಇರುವುದು ಪ್ಲಂಬರಿನಲ್ಲಿ, ಆಮೇಲೆ ಐದು ಪದ ಹೊರೆ. ಹೀಗೆ ಮಾಡಿ: ‘ನಿನ್ನ ಫೋನಲ್ಲಿ ನನ್ನ ಹೆಸರೇನು ಹೇಳು? ಪ್ಲಂಬರ್!’ ಅಷ್ಟೇ. ಆಡುಮಾತಿನಲ್ಲಿ ಮುಖ್ಯವಾದದ್ದನ್ನು ಕ್ರಿಯಾಪದ ದಾಟಿಸಿ ಕೊನೆಗೆ ಎಸೆಯುವ ಸವಲತ್ತು ನಮಗಿದೆ (‘ಫೋಟೋ ಕಳ್ಸಿದಾಳೆ ಅಮ್ಮ, ಹುಡ್ಗೀದು’). ಅದನ್ನು ಬಳಸಿಕೊಳ್ಳಿ.

ಪ್ಲಂಬರ್ ಒಂದೇ ಸಲ ಬಂದು ಮಾಯವಾಗಿರುವುದು ದುಂದುವೆಚ್ಚ. ಇಪ್ಪತ್ತು ನಿಮಿಷದ ಮೇಲೆ ಸಲೀಂನ ಫೋನು ಹೊಡೆದುಕೊಳ್ಳಲಿ. ಆ ಕಡೆ ಪ್ರಭಾಕರನ ಹೆಂಡತಿ: ಅಡುಗೆ ಮನೆ ಸಿಂಕು ಕಟ್ಟಿಕೊಂಡಿದೆ, ಗಂಡ ಊರಲ್ಲಿಲ್ಲ, ಮನೆಯಲ್ಲೇ ಬಿಟ್ಟುಹೋದ ಅವನ ಹಳೇ ಫೋನಲ್ಲಿ ನಂಬರ್ ಸಿಕ್ಕಿತು, ಬರ್ತೀರಾ? ಸಲೀಂ ಬೇರೆ ದಾರಿಯಿಲ್ಲದೆ ಫೋನಿನಲ್ಲೇ ಸಿಂಕು ರಿಪೇರಿ ಹೇಳಿಕೊಡಬೇಕು. ಆ ಹೆಂಗಸು ಮಾತ್ರ ಚುರುಕಾಗಿರಲಿ, ಪೆದ್ದಿಯಾಗುವುದು ಬೇಡ. ನಿಮ್ಮ ಪ್ರತಿಯಲ್ಲಿ ಅವಳು ಗಂಡನನ್ನು ಗೋಳು ಹೊಯ್ದುಕೊಳ್ಳುವ ದನಿ ಮಾತ್ರ. ಮೋಸ ಹೋದವಳು ಅವಳು ಎಂಬುದನ್ನು ನಾಟಕ ಮರೆತರೆ ಹಿಂದಿನ ಸಾಲಿನ ಹೆಂಗಸರು ಮರೆಯುವುದಿಲ್ಲ.

ನಗು ಬಂದಾಗ ಕಾಯುವುದನ್ನೂ ಕಲಿಸಿ. ನಗು ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ. ಅರ್ಧ ಇಳಿದಾಗ ಮುಂದಿನ ಮಾತು ಶುರುವಾಗಬೇಕು. ಏರುವಾಗ ಮಾತಾಡಿದರೆ ಜನ ಕೇಳಿಸಿಕೊಳ್ಳಲೆಂದು ನಗು ತಡೆದುಕೊಳ್ಳುತ್ತಾರೆ, ಮುಂದಿನ ಸಲ ನಗುವುದೇ ಇಲ್ಲ. ಪೂರ್ತಿ ಆರಲು ಬಿಟ್ಟರೆ ದೃಶ್ಯ ತಣ್ಣಗಾಗುತ್ತದೆ. ತಾಲೀಮಿನಲ್ಲಿ ತೊಂಬತ್ತು ನಿಮಿಷ ಬಂದರೆ ಪ್ರದರ್ಶನಕ್ಕೆ ನೂರು ಲೆಕ್ಕ ಹಿಡಿಯಿರಿ.

ಈಗ ಎರಡನೇ ಅರ್ಧ. ನಾಲ್ವರೂ ಸರದಿಯಂತೆ ಎದ್ದು ನಿಂತು ತಂತಮ್ಮ ಗೋಳು ಹೇಳಿಕೊಳ್ಳುತ್ತಾರೆ. ಎರಡನೆಯವನು ಎದ್ದಾಗಲೇ ಇನ್ನೂ ಇಬ್ಬರು ಬಾಕಿ ಎಂದು ಸಭೆಗೆ ಗೊತ್ತಾಗುತ್ತದೆ. ಕುರ್ಚಿ ಸದ್ದು ಬಂದದ್ದು ಅದಕ್ಕೆ. ತನ್ನ ದುಃಖವನ್ನು ತಾನೇ ಹೇಳಿಕೊಳ್ಳುವುದು ಅಪರಿಚಿತರ ಎದುರು. ಹಳೇ ಗೆಳೆಯರಲ್ಲಿ ಒಬ್ಬನ ಕಥೆಯನ್ನು ಇನ್ನೊಬ್ಬ ಹೇಳುತ್ತಾನೆ, ತಪ್ಪಾಗಿ ಹೇಳುತ್ತಾನೆ, ಮೂರನೆಯವನು ತಿದ್ದುತ್ತಾನೆ, ಕಥೆಯ ಯಜಮಾನ ‘ಅದು ಹಂಗಲ್ಲ ಬಿಡ್ರೋ’ ಎನ್ನುತ್ತಾನೆ. ವಿನಯ ಆಸ್ಪತ್ರೆಯಲ್ಲಿದ್ದ ದಿನಗಳ ಬಗ್ಗೆ ರಘುವಿಗೆ ಒಂದೂವರೆ ಪುಟ ಸ್ವಗತ ಕೊಟ್ಟಿದ್ದೀರಿ. ಅದರೊಳಗೆ ಒಂದು ಚಿನ್ನದ ಸಾಲಿದೆ: ಕಾವಲಿಗೆ ಹೋದವರೆಲ್ಲ ಆಸ್ಪತ್ರೆಯ ಫಾರಂನಲ್ಲಿ ‘ರೋಗಿಗೂ ನಿಮಗೂ ಸಂಬಂಧ’ ಎಂಬಲ್ಲಿ ಸುಳ್ಳು ಬರೆದರು ಎಂಬುದು. ಸ್ವಗತ ಬಿಟ್ಟು ಅದನ್ನು ನಾಲ್ಕು ಬಾಯಿಗೆ ಹಂಚಿ:

ರಘು: ನಾನು ‘ಭಾವ’ ಅಂತ ಬರ್ದೆ.
ಮಂಜು: ಅಯ್ಯೋ, ನಾನೂ ಭಾವ ಅಂತ್ಲೇ ಬರ್ದಿದ್ದು!
ಪ್ರಭಾಕರ: ನಾನು ಸೋದರಮಾವ. ತಲೆ ಬೋಳಾಗಿತ್ತಲ್ಲ, ನಂಬ್ತಾರೆ ಅಂತ.
ಸಲೀಂ: ನಾನು ಅಣ್ಣ.
(ಮೂವರೂ ಅವನತ್ತ ತಿರುಗುತ್ತಾರೆ.)
ಸಲೀಂ: ಸಿಸ್ಟರ್ ಏನೂ ಅನ್ಲಿಲ್ಲ. ‘ಸ್ವಂತ ಅಣ್ಣಾನಾ?’ ಅಂದ್ರು. ‘ಹೌದು’ ಅಂದೆ.

ಕೊನೆಯ ‘ಹೌದು’ ಮೆತ್ತಗೆ ಬರಲಿ, ಸಭೆಯತ್ತ ತಿರುಗಿ ಬೇಡ. ಇಡೀ ಅಂಕದಲ್ಲಿ ದುಃಖಕ್ಕೆ ಇದಕ್ಕಿಂತ ಹೆಚ್ಚು ಜಾಗ ಬೇಕಿಲ್ಲ.

ನಿಮ್ಮ ಮೂರನೇ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ‘ಆಯ್ದ ಕುಟುಂಬ’ ಎಂದು ರಘುವಿನ ಬಾಯಲ್ಲಿ ಹಾಕಿದ್ದೀರಿ. ವರದಿಯಲ್ಲಿ ಬರೆಯಬಹುದು, ಜಗಲಿಯಲ್ಲಿ ಕೂತವನು ಹಾಗೆ ಮಾತಾಡುವುದಿಲ್ಲ. ನಿಮ್ಮ ಚಿಕ್ಕಮ್ಮನ ಹತ್ತಿರ ಅದಕ್ಕಿಂತ ಒಳ್ಳೆಯ ಪದ ಇದೆ. ಮಲೆನಾಡಿನ ಮನೆಗೆ ಹೊಸಬರು ಬಂದರೆ ನೀರು, ಬೆಲ್ಲ, ಅದರ ಹಿಂದೆಯೇ ಒಂದು ಪ್ರಶ್ನೆ: ‘ಇವ್ರು ಯಾರ ಪೈಕಿ?’ ಪ್ರತಿಯೊಬ್ಬ ಅತಿಥಿ ಬಂದಾಗಲೂ ಆಕೆ ಅದನ್ನೇ ಕೇಳಲಿ. ರಘು ಒಂದೊಂದು ಸಲವೂ ಒಂದೊಂದು ಸುಳ್ಳು ಹೆಣೆಯಲಿ, ಸುಳ್ಳುಗಳು ಒಂದಕ್ಕೊಂದು ತೊಡರಿಕೊಳ್ಳಲಿ. ಕೊನೆಯ ದೃಶ್ಯದಲ್ಲಿ ಪಕ್ಕದ ಮನೆಯವನು ಅದೇ ಪ್ರಶ್ನೆ ಕೇಳಿದಾಗ ರಘು ಬಾಯಿ ತೆರೆಯುವ ಮುಂಚೆ ಚಿಕ್ಕಮ್ಮ, ಬಾಗಿದ ತಲೆ ಎತ್ತದೆ, ‘ನಮ್ಮ ಪೈಕಿಯೇ’ ಎನ್ನಲಿ. ಆಕೆಗೆ ನೀವು ಬರೆದಿರುವ ‘ಪ್ರೀತಿಗೆ ಲಿಂಗವಿಲ್ಲ ಮಗಾ’ ಎಂಬ ಭಾಷಣ ಪೂರ್ತಿ ಹೋಗಲಿ. ಆ ವಯಸ್ಸಿನ ಹೆಂಗಸು ಅಷ್ಟು ಚೆನ್ನಾಗಿ ಭಾಷಣ ಮಾಡಿದರೆ ಯಾರೂ ನಂಬುವುದಿಲ್ಲ.

‘ಪೈಕಿ’ ನಿರಪಾಯದ ಪದವಲ್ಲ, ಎಚ್ಚರ. ಅದರಡಿ ಜಾತಿಯ ಪ್ರಶ್ನೆ ಕೂತಿದೆ. ಸಲೀಂ ಬಾಗಿಲಲ್ಲಿ ನಿಂತಾಗ ಆ ಪ್ರಶ್ನೆಗೆ ಬೇರೆಯೇ ತೂಕ. ನಿಮ್ಮ ಪ್ರತಿಯಲ್ಲಿ ಅವನ ಹೆಸರು ಬಿಟ್ಟರೆ ಈ ವಿಷಯವೇ ಇಲ್ಲ, ಹಳೇ ಮನೆಯ ಊಟಕ್ಕೆ ನಾಲ್ವರೂ ಸರಾಗವಾಗಿ ಕೂತುಬಿಡುತ್ತಾರೆ. ಅಲ್ಲಿ ಅರ್ಧ ನಿಮಿಷದ ತಡವರಿಕೆ ಇರಲಿ. ಯಾರ ಎಲೆ ಎಲ್ಲಿ ಎಂದು ಚಿಕ್ಕಮ್ಮ ಯೋಚಿಸುವುದು ಕಾಣಲಿ.

ಪಂಕ್ತಿಯೆಂದರೆ ನಿಮ್ಮ ಕೈಯಲ್ಲಿರುವ ದೊಡ್ಡ ಆಸ್ತಿ, ನೀವು ಮೇಜು ಹಾಕಿ ಅದನ್ನು ಹಾಳುಮಾಡಿಕೊಂಡಿದ್ದೀರಿ. ಮೇಜಿನ ಸುತ್ತ ಐವರು ಕೂತರೆ ಇಬ್ಬರ ಬೆನ್ನು ಸಭೆಗೆ. ಜಗಲಿಯ ಪಂಕ್ತಿಯಲ್ಲಿ ಎಲ್ಲರ ಮುಖವೂ ಸಭೆಗೆ, ಅದೂ ಸಹಜವಾಗಿ. ಬಡಿಸುವವನು ಒಂದು ತುದಿಯಿಂದ ಇನ್ನೊಂದಕ್ಕೆ ನಡೆಯುವುದರಿಂದ ಚಲನೆಗೆ ಕಾರಣ ಹುಡುಕಬೇಕಾಗಿಲ್ಲ. ಬಡಿಸುವುದರಲ್ಲೇ ಅವರ ಸಂಸಾರ ಕಾಣುತ್ತದೆ: ಮಂಜು ಯಾರನ್ನೂ ಕೇಳದೆ ಪ್ರಭಾಕರನ ಎಲೆಗೆ ಉಪ್ಪಿನಕಾಯಿ ಹಾಕದೆ ಮುಂದೆ ಹೋಗುತ್ತಾನೆ (ಬಿಪಿ), ಸಲೀಂಗೆ ಮಜ್ಜಿಗೆ ಮೊದಲೇ ಬಿಡುತ್ತಾನೆ, ಹದಿನೈದು ವರ್ಷವಾದರೂ ಮರೆತಿಲ್ಲ.

ತಿನ್ನುವ ಪದಾರ್ಥ ಆರಿಸುವಾಗ ಬಾಯಿಯ ಬಗ್ಗೆ ಯೋಚಿಸಿ. ನೀವು ಬರೆದಿರುವ ತೊಡದೇವು (ತೆಳ್ಳಗಿನ ಗರಿಗರಿ ಸಿಹಿ ತಿಂಡಿ) ನೋಡಲು ಚಂದ, ಆದರೆ ಪುಡಿಯಾಗಿ ಗಂಟಲಿಗೆ ಹೋಗಿ ಕೆಮ್ಮು ಬರುತ್ತದೆ. ಕಡುಬು ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ನೀರು ದೋಸೆ ಸರಿ: ಮೆತ್ತಗಿರುತ್ತದೆ, ಸಣ್ಣ ಚೂರು ಮಾಡಬಹುದು, ಎರಡು ಅಗಿತಕ್ಕೆ ಇಳಿಯುತ್ತದೆ. ತನ್ನ ಮಾತಿಗೆ ಎರಡು ಮಾತು ಮುಂಚೆ ಯಾರೂ ತುತ್ತು ಬಾಯಿಗಿಡಬಾರದು. ರಾತ್ರಿಯ ಗ್ಲಾಸಿಗೆ ಮದ್ಯದ ಬದಲು ಹಾಲಿಲ್ಲದ ತೆಳು ಚಹಾ ಸಾಕು. ಸ್ಟೀಲ್ ಲೋಟ ಬೇಡ, ನಗು ಬರುವ ಹೊತ್ತಿಗೆ ಅದು ಠಣ್ ಎಂದರೆ ಆ ನಗು ಸತ್ತಿತು.

ಕಾನೂನಿನ ವಿಷಯದಲ್ಲಿ ಎರಡು ತಪ್ಪುಗಳಿವೆ. ಐವರು ಒಟ್ಟಿಗಿದ್ದ 2004–2009ರಲ್ಲಿ ಸಲಿಂಗ ಸಂಬಂಧವನ್ನು ಅಪರಾಧವೆಂದು ಹಿಡಿಯುತ್ತಿದ್ದ ದಂಡ ಸಂಹಿತೆಯ 377ನೇ ಕಲಂ ಅವರ ತಲೆ ಮೇಲಿತ್ತು. 2009ರ ಜುಲೈನಲ್ಲಿ ದೆಹಲಿ ಹೈಕೋರ್ಟು ಅದನ್ನು ಸಡಿಲಿಸಿತು, 2013ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ಬದಿಗೆ ಸರಿಸಿತು, ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲ ಎಂದು ಅದೇ ನ್ಯಾಯಾಲಯ ಹೇಳಿದ್ದು 2018ರ ಸೆಪ್ಟೆಂಬರ್ 6ರಂದು. ಹಾಗಾಗಿ 2006ರ ನೆನಪಿನಲ್ಲಿ ‘ಆಗ ನಮಗೆ ಕಾನೂನಿನ ಭಯ ಇರಲಿಲ್ಲ’ ಎಂಬ ಮಾತು ನಿಲ್ಲುವುದಿಲ್ಲ. ಇನ್ನೊಂದು, ಮಂಜು ‘ಈಗ ಮದುವೆಗೂ ಕೋರ್ಟು ಒಪ್ಪಿದೆ’ ಎನ್ನುತ್ತಾನೆ. ಒಪ್ಪಿಲ್ಲ, 2023ರ ಅಕ್ಟೋಬರ್ 17ರ ತೀರ್ಪು ಅದನ್ನು ಶಾಸಕಾಂಗಕ್ಕೆ ಬಿಟ್ಟಿತು. ಆದರೆ 2024ರಲ್ಲಿ ಕೇಂದ್ರ ಸರ್ಕಾರ ಎರಡು ವಿಷಯ ಸ್ಪಷ್ಟಪಡಿಸಿತು: ಇಂಥ ಸಂಗಾತಿಗಳು ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಬಹುದು, ರೇಷನ್ ಕಾರ್ಡಿನ ಮಟ್ಟಿಗೆ ಅವರನ್ನು ಒಂದೇ ಮನೆಯವರೆಂದು ಎಣಿಸಬೇಕು. ಮದುವೆಗೆ ಇಲ್ಲ, ಅಕ್ಕಿಗೆ ಹೌದು. ಹಾಸ್ಯ ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕೆ?

ಅನುವಾದ ಬೇಡ. ಗೆಳೆಯರೆಲ್ಲ ಒಂದು ಮನೆಯಲ್ಲಿ ಸೇರುವ ಈ ಬಗೆಯ ನಾಟಕದಲ್ಲಿ ಹೆಸರಾದದ್ದು ಮಾರ್ಟ್ ಕ್ರೌಲಿಯ ‘ದ ಬಾಯ್ಸ್ ಇನ್ ದ ಬ್ಯಾಂಡ್’, ನ್ಯೂಯಾರ್ಕಿನಲ್ಲಿ 1968ರಲ್ಲಿ ಆಡಿದ್ದು. ಅದರ ಹಾಸ್ಯದಲ್ಲಿ ತಮ್ಮನ್ನು ತಾವೇ ಹೊಡೆದುಕೊಳ್ಳುವ ಆ ಕಾಲದ ಕಹಿ ತುಂಬ ಇದೆ. ಕ್ರೌಲಿ ತೀರಿಕೊಂಡದ್ದು 2020ರಲ್ಲಿ. ಹಕ್ಕು ಇನ್ನೂ ದಶಕಗಳ ಕಾಲ ಇರುತ್ತದೆ, ಅನುಮತಿ ಇಲ್ಲದೆ ಆಡುವಂತಿಲ್ಲ. ಮಹೇಶ್ ದತ್ತಾನಿಯವರು 1998ರಲ್ಲೇ ಮುಂಬೈಯ ಗೆಳೆಯರನ್ನಿಟ್ಟು ‘ಆನ್ ಎ ಮಗ್ಗಿ ನೈಟ್ ಇನ್ ಮುಂಬೈ’ ಎಂಬ ಇಂಥದ್ದೊಂದು ನಾಟಕವನ್ನು ಇಂಗ್ಲಿಷಿನಲ್ಲಿ ಬರೆದರು, ಓದಿಕೊಳ್ಳಿ. ಆಡುವುದು ನಿಮ್ಮದನ್ನೇ. ಸಿನಿಮಾ ಹಾಡಿಗೂ ಇದೇ ಮಾತು: ಟಿಕೆಟ್ ಇಟ್ಟರೆ ಪರವಾನಗಿ ಬೇಕು. ಹವ್ಯಾಸಿ ತಂಡ ಉಚಿತ ಪ್ರದರ್ಶನದಲ್ಲಿ ತಾನೇ ಹಾಡಿದರೆ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ವಿನಾಯಿತಿ ಇದೆ.

ನಾಟಕ ಆಡಲು ಶಿವಮೊಗ್ಗಕ್ಕೆ ಬರುವ ಮುಂಚೆ ತಂಡದೊಳಗೆ ಒಂದು ಮಾತು ಗಟ್ಟಿ ಮಾಡಿಕೊಳ್ಳಿ. ನಾಟಕ ಮುಗಿದ ಮೇಲಿನ ಸಂವಾದದಲ್ಲಿ ಯಾರಾದರೂ ಎದ್ದು ‘ಪಾತ್ರಧಾರಿಗಳಲ್ಲಿ ನಿಜವಾಗಿ ಅಂಥವರು ಯಾರು?’ ಎಂದು ಕೇಳಿಯೇ ಕೇಳುತ್ತಾರೆ. ಯಾರೂ ಉತ್ತರಿಸಬಾರದು, ‘ನಾನಲ್ಲ’ ಎಂದು ಕೂಡ. ಒಬ್ಬ ಅಲ್ಲವೆಂದರೆ ಸುಮ್ಮನೆ ಕೂತವನ ಮೇಲೆ ಎಲ್ಲರ ಕಣ್ಣು ಬೀಳುತ್ತದೆ. ಪೋಸ್ಟರಿನ ಫೋಟೋಗೆ ಪ್ರತಿಯೊಬ್ಬರ ಒಪ್ಪಿಗೆ ಕೇಳಿ. ನಮ್ಮ ಊರುಗಳು ಚಿಕ್ಕವು.

ಪ್ರದರ್ಶನಕ್ಕೆ ಕೊನೆಕೊಯ್ಲು (ಅಡಿಕೆ ಗೊನೆ ಇಳಿಸುವ ಕೆಲಸ) ಮುಗಿದ ಮೇಲಿನ ವಾರಗಳನ್ನು ಹಿಡಿಯಿರಿ. ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ಯಾವ ನಗೆಯೂ ಕೇಳುವುದಿಲ್ಲ, ಕೊಯ್ಲಿನಲ್ಲಿ ಜನ ಬರುವುದಿಲ್ಲ. ನಾಟಕದ ಮಳೆ ರೆಕಾರ್ಡಿನದಾದರೆ ಪರದೆ ಎದ್ದು ಅರ್ಧ ನಿಮಿಷದಲ್ಲಿ ಸದ್ದು ಇಳಿಯಬೇಕು.

ಕೊನೆಯದಾಗಿ, ಊಟದ ಹೊತ್ತಿಗೆ ವಿನಯನ ಹೆಸರಲ್ಲಿ ಒಂದು ಖಾಲಿ ಎಲೆ ಹಾಕಲೇ ಎಂದು ಕೇಳಿದ್ದೀರಿ. ಬೇಡ, ಅದು ಎಲ್ಲರಿಗೂ ಹೊಳೆಯುವಂಥದ್ದು. ನಾಲ್ವರಿಗೆ ನಾಲ್ಕೇ ಎಲೆ ಹಾಕಿ. ಚಿಕ್ಕಮ್ಮ ಆಮೇಲೆ ಒಳಗೆ ಉಣ್ಣುತ್ತಾರೆ, ಅದನ್ನು ಮಂಜು ಒಪ್ಪದೆ ಐದನೆಯದನ್ನು ತಂದು ಹಾಸಲಿ. ಪ್ರತಿ ಪ್ರದರ್ಶನಕ್ಕೆ ಬಾಳೆಯ ಎಂಟು ಕುಡಿ ಎಲೆ ತನ್ನಿ, ಮೂರು ಹೇಗೂ ಸೀಳುತ್ತವೆ. ದೀಪದ ಬಿಸಿಗೆ ಬಾಡದಂತೆ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ.