ಮುನ್ಸೂಚನೆ ನಂಬಿ ಹೋದರೂ ಬೆಟ್ಟದಲ್ಲಿ ಮಳೆ: ಭಾನುವಾರದ ನಡಿಗೆಯ ಬಗ್ಗೆ

ಈ ಭಾನುವಾರದ ಬೆಟ್ಟದ ನಡಿಗೆಯನ್ನು ರದ್ದುಪಡಿಸಬೇಕೇ ಎಂದು ಕೇಳಿದ್ದೀರಿ. ಮಳೆಯಿಲ್ಲವೆಂಬ ಮುನ್ಸೂಚನೆಯಿದ್ದರೂ ಕಳೆದ ಬಾರಿ ನಿಮ್ಮ ಹನ್ನೆರಡು ಜನರ ತಂಡ ನೆತ್ತಿಯ ಬಳಿ ಮಂಜಿಗೂ ಮಳೆಗೂ ಸಿಕ್ಕಿ ಚದುರಿಹೋಗಲು, ನೀವು ನೋಡಿದ್ದು ತಪ್ಪಲಿನ ಊರಿನ ಮುನ್ಸೂಚನೆಯಾಗಿದ್ದುದೇ ಬಹುಶಃ ಕಾರಣ. ತೇವಾಂಶವುಳ್ಳ ಗಾಳಿ ಇಳಿಜಾರನ್ನೇರುತ್ತ ತಣಿದು ಅಲ್ಲಿಯೇ ಮೋಡಗಟ್ಟುತ್ತದೆ. ಆದರೆ ಈ ಬಾರಿಯ ನಡಿಗೆಯನ್ನು ಈಗಲೇ ರದ್ದುಪಡಿಸಬೇಕಿಲ್ಲ. ಶನಿವಾರ ಸಂಜೆ ನೆತ್ತಿಯ ಎತ್ತರಕ್ಕೆ ಲೆಕ್ಕಹಾಕಿದ ಗಂಟೆವಾರು ಮುನ್ಸೂಚನೆಯನ್ನು, ಮುಖ್ಯವಾಗಿ ಗಾಳಿಯ ವೇಗ ಮತ್ತು ಗುಡುಗಿನ ಸಾಧ್ಯತೆಯನ್ನು ನೋಡಿ ತೀರ್ಮಾನಿಸಿ.

ಅನಂತರ, ಎಲ್ಲಿಯೇ ಇದ್ದರೂ ಹಿಂದಿರುಗಲೇಬೇಕಾದ ಹೊತ್ತನ್ನು ನಿಗದಿಪಡಿಸಿ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರದಂತೆ ಸುಮಾರು 5 ಕಿ.ಮೀ.ಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಮತ್ತೊಂದು ಗಂಟೆ ಬೇಕು. ನೀವು ಹೇಳಿರುವ 6 ಕಿ.ಮೀ. ದಾರಿ ಮತ್ತು 400 ಮೀಟರ್ ಏರಿಗೆ ಇದು ಎರಡು ಗಂಟೆಯ ಆಸುಪಾಸು ಬರುತ್ತದೆ. ಅದು ನಿಲ್ಲದೆ ನಡೆಯುವ ಗಟ್ಟಿಗರ ಲೆಕ್ಕವಾದ್ದರಿಂದ ಗುಂಪಿಗೆ ಮೂರು ಗಂಟೆ ಇಟ್ಟುಕೊಳ್ಳಿ.

ನನ್ನ ದೃಷ್ಟಿಯಲ್ಲಿ ಮಳೆಗಿಂತ ಚದುರಿದ್ದೇ ಹೆಚ್ಚು ಅಪಾಯದ ಸಂಗತಿ. ನಿಧಾನವಾಗಿ ನಡೆಯುವವರನ್ನು ಮುಂದಾಳುವಿನ ಹಿಂದೆಯೇ ಇರಿಸಿ, ದಾರಿ ಬಲ್ಲ ಒಬ್ಬರನ್ನು ಕಟ್ಟಕಡೆಯಲ್ಲಿ ನಿಯಮಿಸಿ, ಪ್ರತಿ ಕವಲಿನಲ್ಲೂ ನಿಂತು ತಲೆ ಎಣಿಸಿ.

ಮಧ್ಯಾಹ್ನದ ಮೋಡ ಯಾವ ಗಳಿಗೆಯಲ್ಲಿ ಒಡೆಯುತ್ತದೆಂದು ಯಾವ ಮುನ್ಸೂಚನೆಯೂ ಖಚಿತವಾಗಿ ಹೇಳಲಾರದು. ಆದ್ದರಿಂದ ಬೆಳಗ್ಗೆ ಬೇಗ ಹೊರಡಿ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ಸಿಡಿಲು ಸುಮಾರು 10 ಕಿ.ಮೀ. ಒಳಗಿದೆಯೆಂದು ತಿಳಿದು, ಒಂಟಿ ಮರದಡಿ ನಿಲ್ಲದೆ ಕೂಡಲೇ ಬೆಟ್ಟದ ಏಣಿನಿಂದ ಕೆಳಗಿಳಿಯಿರಿ. ಕೊನೆಯ ಗುಡುಗಿನ ನಂತರ 30 ನಿಮಿಷ ಕಳೆಯುವವರೆಗೆ ಮತ್ತೆ ಏರಬೇಡಿ.